ಪುಟ ನಲವತ್ತೊಂದು

"ಕೊನೆಯ ಹಿಮ ಬಿದ್ದು ಎರಡು ವಾರ ಕಳೆದ ಮೇಲೆ
ಸಸಿಗಳನ್ನು ಹೊರಗೆ ನೆಡಿರಿ" ಅಂತೈತಿ ಪುಸ್ತಕ.
ತಾಳಿಕೋಟಿ ಮಾಳಗಿ ಮ್ಯಾಲೆ ನಿಂತು ಓದಿದೆ,
ಒಂದು ಕಾಲು ಎತ್ತಿ, ಒಂದು ಕಾಲು ಇಟ್ಟು,
ಕಾದ ಗಚ್ಚು ಅಂಗಾಲು ಕಚ್ಚತಿತ್ತು.
ಹಿಮ ಅಂದ್ರ ನಾ ಕಂಡದ್ದು
ಬಸ್‌ಸ್ಟ್ಯಾಂಡಿನ ಐಸ್‌ಗಾಡಿಯವ ಗೋಣಿಚೀಲದಾಗ
ಸುತ್ತಿ ಇಟ್ಟದ್ದು ಅಷ್ಟ.

ರಟ್ಟು ಹರದೈತಿ. ಬರೆದವರ ಹೆಸರು
ರಟ್ಟಿನ ಸಂಗಾಟ ಹೋಗೇತಿ.
ಯಾವದೋ ತಂಪು ದೇಶದ್ದನ್ನ
ಯಾರೋ ಶಾಣ್ಯಾರು ನಮ್ಮ ಭಾಷಾಕ್ಕ ತಂದಾರ.
ಮಾತೆಲ್ಲ ಕನ್ನಡ ಆಗ್ಯಾವ,
ಬಿಸಿಲು ಆಗಿಲ್ಲ.

"ಟೊಮೆಟೊ ಗಿಡಕ್ಕೆ ಪೂರ್ಣ ಬಿಸಿಲು ಬೇಕು."
ಪೂರ್ಣ!
ಇಲ್ಲಿ ಅರ್ಧಾ ಬಿಸಿಲಿಗೇ ಕಾಗಿಗೋಳು
ನೀರಿನ ಟಾಕಿ ಬುಡಕ
ಬಾಯಿ ತಕ್ಕೊಂಡು ಕೂಡತಾವ.

ಬಣ್ಣದ ಖಾಲಿ ಡಬ್ಬಿ ಹನ್ನೊಂದು, ಟಮಾಟಿ ಹನ್ನೊಂದು.
ಗಿಡ ಎದ್ದವು, ಎದಿಮಟ ಬಂದವು,
ಹೂವೂ ಬಿಟ್ಟವು ಮೂಗುಬೊಟ್ಟಿನ ಹಂಗ.
ಒಂದೂ ಕಾಯಾಗಲಿಲ್ಲ.
ತೊಟ್ಟಿನ ಗಂಟಿಗೆ ಹಳದಿಯಾಗಿ ಕಳಚಿ
ದಿನಾ ಸಂಜಿಗೆ ಕಸಬರಿಗಿಗೆ ಬಂದವು.

ಪುಟ ನಲವತ್ತೊಂದರ ಅಂಚಿನಾಗ
ಸಣ್ಣಗ, ಪೆನ್ಸಿಲ್ಲಿಲೆ:
"ಸುಳ್ಳು. ಇಲ್ಲಿ ಸೀಗಿ ಹುಣ್ಣಿವಿಗೆ ಹಚ್ಚಬೇಕು."
ಅದರ ಕೆಳಗ:
"ಬೋರಿನ ನೀರು ಸವುಳು. ಮಳಿನೀರು ಕೂಡಿಡ್ರಿ."
ಮತ್ತೊಂದು ಪುಟದಾಗ, ಅಕ್ಷರ ಸ್ವಲ್ಪ ಹಿಗ್ಗಿ:
"ಒಂದು ಹೂವು ನಿಂತೈತಿ. ಅವ್ವಗ ತೋರಿಸಿದೆ."
ಆಮ್ಯಾಲೆ ಹತ್ತು ಪುಟ ಏನೂ ಇಲ್ಲ.
ಕಡೀಕ ಬರೇ ಹಿಸಾಬು:
ಮೂರು ಕಾಯಿ. ಎರಡು ಅಳಿಲಿಗೆ.

ಹಿಂದಿನ ಚೀಟಿಯೊಳಗ ಒಂದೇ ಸಹಿ:
ಗೌ. ಮ. ತುಂಬಗಿ. ಹತ್ತೊಂಬತ್ತು ವರ್ಷದ ಹಿಂದಿನ ತಾರೀಖು.
ಗೌರಾಬಾಯೋ ಗೌಡಪ್ಪನೋ.
ಉಳಿದ ಆ ಒಂದು ಕಾಯಿ
ಯಾರು ತಿಂದ್ರು, ಬರದಿಲ್ಲ.

ಸೀಗಿ ಹುಣ್ಣಿವಿ ಇನ್ನೂ ಆರು ತಿಂಗಳು ದೂರ.
ಅಲ್ಲೀತನ ಕಾಯೋ ಜಾತಿ ನಂದಲ್ಲ.
ಜೋಳದ ಚೀಲ ಬಿಚ್ಚಿ ಹೊಲಿದು ಚಪ್ಪರ ಕಟ್ಟಿದೆ,
ಡಬ್ಬಿಗೆಲ್ಲ ಸುಣ್ಣಾ ಬಳದೆ,
ಬುಡಕ್ಕ ತೌಡು ಸುರಿದೆ, ಇರಿವಿ ಬಂದವು, ಬೈದುಕೊಂಡು ತಗದೆ.
ಹೂವು ಉದುರೋದು ಉದುರೇ ಉದುರಿತು.

ಅಷ್ಟರಾಗ ಕರೆಂಟಿನವರು ಪಾಳಿ ಬದಲ್ ಮಾಡಿದ್ರು:
ತ್ರೀ ಫೇಸ್ ಇನ್ನ ಬೆಳಗಿನ ಐದಕ್ಕ.
ಅವರ ಮನಿತನಾನ ನೆನಸ್ಕೋತ ಎದ್ದು
ಗಿರಣಿ ಪಟ್ಟಾ ಏರಿಸಿದೆ.
ಗಡಗಡ ಗಡಗಡ, ತೊಲಿ ನಡುಗಿ
ಮಾಳಗಿ ನಡುಗಿ, ಮ್ಯಾಲೆ
ಕತ್ತಲದಾಗ ಹನ್ನೊಂದು ಡಬ್ಬಿ ನಡುಗಿದ್ದು
ನನಗೇನು ಗೊತ್ತು.

ಎಂಟು ದಿನಕ್ಕ ನೀರು ಹಾಕಾಕ ಬಗ್ಗಿದ್ರ
ಒಣಗಿದ ಹೂವಿನ ಹಿಂದ
ಬಟಾಣಿಯಷ್ಟು ಹಸರು.
ಮತ್ತೊಂದು. ಆ ಕೊಂಬಿಗೆ ನಾಕು.
ಕೈಯಾಗಿನ ತಂಬಿಗಿ ಹಂಗs ಹಿಡಕೊಂಡು ನಿಂತೆ.

ಪುಟ ಅರವತ್ಮೂರು:
"ಮುಂಜಾನೆಯ ತಂಪಿನಲ್ಲಿ ಹೂಗೊಂಚಲನ್ನು
ಮೆಲ್ಲನೆ ಅಲುಗಿಸಿದರೆ ಪರಾಗ ಉದುರುತ್ತದೆ."
ಪುಸ್ತಕ ಪೂರಾ ಪೆದ್ದಲ್ಲ.
ನಾ ಅಲ್ಲೀತನ ಓದಿದ್ದಿಲ್ಲ.

ತಡಾ ಆದದ್ದಕ್ಕ ದಂಡ ಹದಿನೆಂಟು ರೂಪಾಯಿ.
ಹಿಟ್ಟು ಹತ್ತಿದ ಚಿಲ್ಲರಿ ಎಣಿಸಿ ಕೊಟ್ಟೆ.
ಲಾಡ್ಲೇಸಾಹೇಬ್ರು ಪುಟಾ ತಿರುವಿದವರು
ನನ್ನ ಪೆನ್ಸಿಲ್ಲಿಗೆ ಬಂದು ನಿಂತ್ರು:
"ಬೆಳಿಗ್ಗೆ ಐದಕ್ಕ ಗಿರಣಿ ಚಾಲೂ ಮಾಡ್ರಿ."
"ಪುಸ್ತಕದಾಗ ಬರೀಬಾರದು ತಂಗಿ," ಅಂತ ರಬ್ಬರ್ ತಗದ್ರು.
ತಗದು, ತಡದ್ರು.
"ಗಿರಣಿ ಇಲ್ಲದವರು?"

ಅದನ್ನ ನಾ ವಿಚಾರ ಮಾಡಿದ್ದಿಲ್ಲ.

ರಬ್ಬರ್ ಬಾಜೂಕ ಇಟ್ಟು ಅವರು
ಟೇಬಲ್ ಮ್ಯಾಲೆ ಬೆರಳಿಲೆ ತಟ್ಟಿದ್ರು, ಎರಡು ಸಲ.
"ಹಿಂಗೇನು?"
"ಇನ್ನೂ ಹಗೂರಕ್ರಿ," ಅಂದೆ.